ಅಂಕಪಟ್ಟಿಯ ನ್ಯಾಯ

ಪೊಲೀಸರು ಹದಿನೈದು ವರ್ಷದ ಬಾಲಕನೊಬ್ಬನನ್ನು ರಾತ್ರಿ ಹಿಡಿದು ತಂದರೆ ಅವನನ್ನು ಮನೆಗೆ ಕಳುಹಿಸಬೇಕೆ, ಬೀಗದೊಳಗೆ ಇರಿಸಬೇಕೆ? ಅಮೆರಿಕದ ಬಾಲನ್ಯಾಯ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಮೊದಲು ಉತ್ತರ ಹೇಳುವವರು ಸಾಮಾನ್ಯವಾಗಿ ನ್ಯಾಯಾಧೀಶರಲ್ಲ. ಬಂಧನಗೃಹದಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಪ್ರೊಬೇಷನ್ ಅಧಿಕಾರಿ. ಅಪರಾಧವಿನ್ನೂ ಸಾಬೀತಾಗಿರುವುದಿಲ್ಲ. ವಿಚಾರಣೆಯವರೆಗೆ ಹುಡುಗ ಎಲ್ಲಿರಬೇಕೆಂಬುದಷ್ಟೇ ಆಗಿನ ತೀರ್ಮಾನ. ಆದರೆ ಬೀಗದೊಳಗಿನ ಕೆಲವೇ ದಿನಗಳು ಅವನ ಶಾಲೆಯನ್ನು ತಪ್ಪಿಸುತ್ತವೆ, ಅವನಿಗಿಂತ ಪಳಗಿದವರ ಸಹವಾಸವನ್ನು ಒದಗಿಸುತ್ತವೆ. ಮುಂದೆ ತೀರ್ಪು ನೀಡುವವರ ಕಣ್ಣಿಗೂ ಅವನು ‘ಒಳಗಿದ್ದು ಬಂದ ಹುಡುಗ’ನಾಗಿ ಕಾಣಿಸುತ್ತಾನೆ.

ಬಹುಕಾಲ ಈ ತೀರ್ಮಾನವನ್ನು ಅಧಿಕಾರಿಯ ವಿವೇಚನೆಗೇ ಬಿಡಲಾಗಿತ್ತು. ವಿವೇಚನೆಯೆಂಬುದು ಸಜ್ಜನರಲ್ಲಿಯೂ ತಮಗೆ ಪರಿಚಿತವಾದುದರ ಕಡೆಗೆ ವಾಲುತ್ತದೆ. ಕಪ್ಪುವರ್ಣೀಯರ ಹಾಗೂ ಲ್ಯಾಟಿನೊ ಜನರ ಮಕ್ಕಳು ಬಿಳಿಯರ ಮಕ್ಕಳಿಗಿಂತ ಹೆಚ್ಚು ಪ್ರಮಾಣದಲ್ಲಿ ಬಂಧನಗೃಹ ಸೇರುತ್ತಿದ್ದರು. ಆಪಾದನೆಯ ಗುರುತ್ವವೊಂದೇ ಈ ಅಂತರಕ್ಕೆ ಕಾರಣವಾಗಿರಲಿಲ್ಲ. 1974ರ ಬಾಲನ್ಯಾಯ ಕಾಯಿದೆಗೆ 1988ರಲ್ಲಿ ತಿದ್ದುಪಡಿ ತಂದ ಅಮೆರಿಕದ ಕಾಂಗ್ರೆಸ್, ಈ ಅಸಮಾನತೆಯತ್ತ ಗಮನ ಹರಿಸಬೇಕೆಂದು ರಾಜ್ಯಗಳಿಗೆ ವಿಧಿಸಿತು. 1992ರಲ್ಲಿ ಆನಿ ಇ. ಕೇಸಿ ಪ್ರತಿಷ್ಠಾನವು ಅನಗತ್ಯ ಬಾಲಬಂಧನವನ್ನು ತಗ್ಗಿಸುವ ಕಾರ್ಯಕ್ರಮವನ್ನು ಆರಂಭಿಸಿತು.

ಆ ಕಾರ್ಯಕ್ರಮದ ಮುಖ್ಯ ಸಾಧನಗಳಲ್ಲಿ ಅಪಾಯವನ್ನು ಅಂದಾಜು ಮಾಡುವ ಅಂಕಪಟ್ಟಿಯೂ ಒಂದು. ಅದು ಕೇಳುವುದು ಎರಡೇ ಪ್ರಶ್ನೆ: ಈ ಹುಡುಗ ವಿಚಾರಣೆಯ ದಿನ ಬಂದಾನೆಯೆ? ಅದಕ್ಕೆ ಮುನ್ನ ಹೊಸ ಅಪರಾಧವೆಸಗಿಯಾನೆಯೆ? ಅವನು ಎಂಥವನು, ಅವನಿಗೆ ಬುದ್ಧಿ ಕಲಿಸಬೇಕೆ ಎಂಬುದು ಪಟ್ಟಿಯ ವಿಚಾರವಲ್ಲ. ಈಗಿನ ಆಪಾದನೆ, ಹಿಂದಿನ ತೀರ್ಪುಗಳು, ಹಿಂದೆ ನ್ಯಾಯಾಲಯಕ್ಕೆ ಗೈರುಹಾಜರಾದದ್ದು – ಇವಕ್ಕೆ ಅಂಕ. ಮೊತ್ತ ಕಡಿಮೆಯಿದ್ದರೆ ಬಿಡುಗಡೆ, ನಡುವಣದಾದರೆ ಗೃಹನಿರ್ಬಂಧದಂತಹ ಪರ್ಯಾಯ, ಮಿತಿ ಮೀರಿದರೆ ಬಂಧನ.

ಅಂಕಗಳಿದ್ದ ಮಾತ್ರಕ್ಕೆ ನ್ಯಾಯ ಬರುವುದೆ? ಪೋರ್ಟ್‌ಲೆಂಡ್ ನಗರವಿರುವ ಮಲ್ಟ್ನೋಮಾ ಕೌಂಟಿಯವರು ತೂಗುವ ಕಲ್ಲುಗಳನ್ನೇ ಪರೀಕ್ಷೆಗೆ ಒಡ್ಡಿದರು. ಉತ್ತಮ ಕುಟುಂಬ ವ್ಯವಸ್ಥೆ ಉಂಟೆ ಎಂಬ ಮಾನದಂಡ ಅವರಿಗೆ ಸರಿಕಾಣಲಿಲ್ಲ. ತಂದೆತಾಯಿ ಇಬ್ಬರೂ ಇರುವ ಮನೆಗೆ ಅದು ಸುಲಭವಾಗಿ ಒಪ್ಪುತ್ತಿತ್ತು. ಅಜ್ಜಿಯೋ ಚಿಕ್ಕಮ್ಮನೋ ಸಾಕಿದ ಮಗುವಿಗೆ ಒಪ್ಪುತ್ತಿರಲಿಲ್ಲ. ಹುಡುಗನನ್ನು ನ್ಯಾಯಾಲಯಕ್ಕೆ ಕರೆತರುವ ಹೊಣೆ ಹೊರಲು ಹಿರಿಯರೊಬ್ಬರು ಸಿದ್ಧರಿರುವರೆ ಎಂಬುದು ನಿಜವಾಗಿ ತಿಳಿಯಬೇಕಾದ ಸಂಗತಿಯಾಗಿತ್ತು, ಅದನ್ನೇ ಕೇಳಿದರು. ಕ್ರಮಬದ್ಧವಾದ ಶಾಲಾ ಹಾಜರಿ, ಉದ್ಯೋಗ ಎಂಬುದರ ಬದಲು ಯಾವುದಾದರೂ ಉಪಯುಕ್ತ ಚಟುವಟಿಕೆಯಲ್ಲಿ ತೊಡಗಿರುವನೆ ಎಂದು ಬರೆದರು. ಪುಂಡರ ಗುಂಪಿನ ಸಂಬಂಧವೆಂಬ ಸಾಲನ್ನು ಕೈಬಿಟ್ಟರು. ‘ಒಳ್ಳೆಯ ಮನೆತನದ ಹುಡುಗ’ ಎಂಬ ಮಾತಿಗೆ ಎಷ್ಟು ತೂಕವಿದೆಯೆಂಬುದು ಕನ್ನಡಿಗರಿಗೆ ತಿಳಿಯದ್ದೇನಲ್ಲ. ಆ ಮಾತು ಯಾರ ಪರವಾಗಿ ಹೊರಡುತ್ತದೆ, ಯಾರ ಪರವಾಗಿ ಹೊರಡುವುದಿಲ್ಲ ಎಂಬುದೂ ತಿಳಿದದ್ದೇ.

1994ರಲ್ಲಿ ಅಲ್ಲಿ ಕಪ್ಪುವರ್ಣೀಯ ಬಾಲಕರಿಗೂ ಬಿಳಿಯ ಬಾಲಕರಿಗೂ ಬಂಧನದ ಸಂಭವದಲ್ಲಿ ದೊಡ್ಡ ಅಂತರವಿತ್ತು. 2000ದ ವೇಳೆಗೆ ಅದು ಬಹುಮಟ್ಟಿಗೆ ಅಳಿಯಿತು. ಬಂಧನಗೃಹದಲ್ಲಿದ್ದವರ ಸಂಖ್ಯೆಯೂ ಅರ್ಧಕ್ಕಿಂತ ಕೆಳಗಿಳಿಯಿತು. ಪಟ್ಟಿಯೊಂದರಿಂದಲೇ ಇದಾಯಿತೆನ್ನಲಾಗದು, ಬಂಧನಕ್ಕೆ ಪರ್ಯಾಯಗಳೂ ಸಿಬ್ಬಂದಿಯ ತರಬೇತಿಯೂ ಜೊತೆಗಿದ್ದವು.

ಎಲ್ಲ ಕಡೆಯೂ ಹೀಗಾಗಲಿಲ್ಲ. ದೇಶದಲ್ಲಿ ಬಂಧಿತ ಮಕ್ಕಳ ಒಟ್ಟು ಸಂಖ್ಯೆ ಇಳಿದರೂ ಹಲವೆಡೆ ಜನಾಂಗೀಯ ಅಂತರ ಉಳಿಯಿತು. ಪೊಲೀಸರು ಯಾವ ಕೇರಿಯಲ್ಲಿ ಹೆಚ್ಚು ತಿರುಗುವರೋ ಅಲ್ಲಿಯ ಮಕ್ಕಳ ಹೆಸರಿನಲ್ಲಿ ಹಳೆಯ ದಾಖಲೆಗಳು ಹೆಚ್ಚು; ಪಟ್ಟಿಯು ಅವನ್ನು ನಿರ್ವಿಕಾರವಾಗಿ ಕೂಡುತ್ತದೆ. ಮೊತ್ತ ಕಡಿಮೆಯಿದ್ದರೂ ಬಂಧಿಸುವ ಅಧಿಕಾರವನ್ನು ಸಿಬ್ಬಂದಿಗೆ ಉಳಿಸಿರುವುದರಿಂದ, ಮುಂಬಾಗಿಲಲ್ಲಿ ತಡೆದ ಪೂರ್ವಗ್ರಹಕ್ಕೆ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ವಯಸ್ಕರ ವಿಷಯದಲ್ಲಿ, ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಳಕೆಯಲ್ಲಿದ್ದ ಗಣಕಯಂತ್ರದ ಅಂಕಗಳನ್ನು 2016ರಲ್ಲಿ ಪ್ರೊಪಬ್ಲಿಕಾ ಪತ್ರಿಕಾಸಂಸ್ಥೆ ಪರಿಶೀಲಿಸಿತು. ಮುಂದೆ ಅಪರಾಧ ಮಾಡದೆ ಉಳಿದವರ ಪೈಕಿ ‘ಹೆಚ್ಚು ಅಪಾಯದವರು’ ಎಂಬ ತಪ್ಪು ಹಣೆಪಟ್ಟಿ ಶೇ. 23.5ರಷ್ಟು ಬಿಳಿಯರಿಗೆ ಅಂಟಿತ್ತು, ಶೇ. 44.9ರಷ್ಟು ಕಪ್ಪುವರ್ಣೀಯರಿಗೆ. ಬಾಲಕರ ಪಟ್ಟಿ ಬೇರೆಯದು, ಅದರ ಲೆಕ್ಕ ಬಹಿರಂಗ. ಪ್ರತಿ ಸಾಲನ್ನೂ ಯಾರು ಬೇಕಾದರೂ ಪ್ರಶ್ನಿಸಬಹುದು. ಅದನ್ನು ಮೆಚ್ಚುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನೂ ಪ್ರಶ್ನಿಸಬೇಕಾದ ಸಾಲು ಗೈರುಹಾಜರಿಯದು. ತಾಯಿಗೆ ಕೆಲಸದಿಂದ ಬಿಡುವು ಸಿಗದೆ, ನ್ಯಾಯಾಲಯಕ್ಕೆ ಹೋಗಲು ಬಸ್ಸು ಸಿಗದೆ ತಪ್ಪಿದ ದಿನಕ್ಕೂ, ಬೇಕೆಂದೇ ತಲೆಮರೆಸಿಕೊಂಡ ದಿನಕ್ಕೂ ಅಲ್ಲಿ ಒಂದೇ ಅಂಕ ಬೀಳಬಹುದು. ವಿಚಾರಣೆಗೆ ಮುನ್ನ ಮನೆಗೆ ದೂರವಾಣಿ ಕರೆ ಮಾಡಿ ನೆನಪಿಸುವ ಕ್ರಮವನ್ನು ಕೆಲವು ಕಡೆ ತಂದಿದ್ದಾರೆ. ಖರ್ಚು ಅತ್ಯಲ್ಪ. ಬೀಗದೊಳಗಿನ ಒಂದು ಹಾಸಿಗೆಗೆ ತಗಲುವ ವೆಚ್ಚದಲ್ಲಿ ಇಂಥ ಎಷ್ಟೋ ಕರೆಗಳನ್ನು ಮಾಡಬಹುದು.