ಬಿತ್ತುವ ಕಾಳು, ಬೀಸುವ ಕಾಳು

ಕಂಪ್ಯೂಟರು ಮನುಷ್ಯನನ್ನು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಕ್ಷುಲ್ಲಕವಾದವು. ‘ಉಳಿಸಲೇ, ಬೇಡವೇ?’, ‘ನಿಜವಾಗಿಯೂ ಮುಚ್ಚಲೇ?’ ಎಂದು ಅದು ವಿನಯದಿಂದ ವಿಚಾರಿಸುತ್ತದೆ. ನಾವು ಓದುವ ಗೋಜಿಗೆ ಹೋಗದೆ ಗುಂಡಿ ಒತ್ತುತ್ತೇವೆ. ಆದರೆ ಧ್ವನಿಮುದ್ರಣದ ತಂತ್ರಾಂಶಗಳಲ್ಲಿ ಒಂದು ಪ್ರಶ್ನೆಯುಂಟು. ಅದನ್ನು ಮಾತ್ರ ಓದದೆ ಉತ್ತರಿಸಬಾರದೆಂಬುದು ನನ್ನ ಅಭಿಪ್ರಾಯ. ಹಾಡನ್ನು ಹಿಡಿದು, ತಿದ್ದಿ ತೀಡಿ, ಕೊನೆಗೆ ಹೊರಗೆ ಕಳುಹಿಸುವ ವೇಳೆಗೆ ಪುಟ್ಟದೊಂದು ಕಿಟಕಿ ತೆರೆದುಕೊಳ್ಳುತ್ತದೆ: ಯಾವ ರೂಪದಲ್ಲಿ ಕಳುಹಿಸಲಿ? ವೇವ್, ಫ್ಲ್ಯಾಕ್, ಎಂಪಿ3, ಆಗ್ ವಾರ್ಬಿಸ್? ಎಂಪಿ3 ಎಂದಿರೋ, ಮರುಪ್ರಶ್ನೆ ಸಿದ್ಧ: ಸೆಕೆಂಡಿಗೆ ಎಷ್ಟು ಕಿಲೋಬಿಟ್? 64, 128, 192, 320? ಕಿರಾಣಿ ಅಂಗಡಿಯವನು ‘ಎಷ್ಟು ತೂಗಲಿ?’ ಎಂದಷ್ಟು ಸಹಜವಾಗಿ ಬರುವ ಈ ಪ್ರಶ್ನೆಯ ನಿಜಾರ್ಥ ಬೇರೆಯೇ: ‘ಈ ದನಿಯಲ್ಲಿ ಎಷ್ಟನ್ನು ಎಸೆಯಲಿ?’

ಕನ್ನಡದಲ್ಲಿ ಎಂ.ಎ. ಮಾಡಿ ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿರುವ ನನಗೆ ಈ ಲೆಕ್ಕದ ಗೊಡವೆ ಏಕೆ ಬಂತೆಂದು ವಾಚಕರು ಕೇಳಬಹುದು. ಅದು ಬಂದದ್ದು ಬೀಸುಕಲ್ಲಿನ ದಾರಿಯಿಂದ. ಬ್ಯಾಡಗಿಯ ಬಳಿಯ ಹಳ್ಳಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಎಂಬತ್ತು ದಾಟಿದ ಜೀವ, ಅಕ್ಷರ ಕಲಿತವಳಲ್ಲ. ಆದರೆ ಬೀಸುವ ಪದ, ಸೋಬಾನೆ ಪದಗಳ ಒಂದು ಕಣಜವೇ ಆಕೆಯ ನಾಲಿಗೆಯ ಮೇಲಿದೆ. ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯ 2011ರಲ್ಲಿ ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿಯೇ ಸ್ಥಾಪನೆಯಾದಂದಿನಿಂದ, ಮನೆಯ ಹಿರಿಯರ ಹಾಡನ್ನು ಹಿಡಿದಿಡಬೇಕೆಂಬ ಎಚ್ಚರ ಈ ಕಡೆಯ ಕುಟುಂಬಗಳಲ್ಲಿಯೂ ಅಷ್ಟಿಷ್ಟು ಮೂಡಿತು. ನಮ್ಮ ಮನೆಯಲ್ಲಿಯೂ ಮೂಡಿತು.

ಹನ್ನೆರಡು ವರ್ಷಗಳ ಹಿಂದೆ ಮನೆಮಂದಿಯೆಲ್ಲ ಸೇರಿ ದೊಡ್ಡವ್ವನನ್ನು ಪಟ್ಟಣವೊಂದರ ಧ್ವನಿಮುದ್ರಣ ಕೇಂದ್ರಕ್ಕೆ ಕರೆದೊಯ್ದೆವು. ಕಲ್ಲಿನ ಗೂಟ ಕೈಯಲ್ಲಿಲ್ಲದೆ ಹಾಡು ಬಾಯಿಗೆ ಬಾರದೆಂದು ಆಕೆ ಹಟ ಹಿಡಿದುದರಿಂದ ಬೀಸುಕಲ್ಲೂ ಒಂದು ಸೇರು ಜೋಳವೂ ಟಂಟಂ ಏರಿ ಜೊತೆಗೆ ಬಂದವು. ಅರ್ಧ ದಿನದ ಹಾಡಿಕೆ ಅದ್ಭುತವಾಗಿ ನಡೆಯಿತು. ಕೆಲದಿನಗಳ ಮೇಲೆ ನಮ್ಮ ಕೈಗೆ ಬಂದದ್ದು ಒಂದೇ ಒಂದು ತಟ್ಟೆ. ಅದರಲ್ಲಿದ್ದುದು 64 ಕಿಲೋಬಿಟ್ಟಿನ ಎಂಪಿ3. ಮೂಲ ಎಲ್ಲಿ ಎಂದು ಕೇಳಿದರೆ, “ಜಾಗ ಸಾಲಂಗಿಲ್ರಿ ಸರ್, ಅಳಿಸೇವಿ. ಎಲ್ಲಾ ಅದ್ರಾಗ ಐತ್ರಿ,” ಎಂಬ ಉತ್ತರ ಬಂತು.

ಎಲ್ಲವೂ ಅದರಲ್ಲಿತ್ತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಗಣಿತ ಅನಿವಾರ್ಯ. ಸಿ.ಡಿ.ಯ ಮಟ್ಟದಲ್ಲಿ ಯಂತ್ರವು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಪ್ರತಿಯೊಂದು ಅಳತೆಗೆ 16 ಬಿಟ್. ಎಡಬಲವೆಂದು ಎರಡು ಪಾತಳಿ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ನಿಮಿಷಕ್ಕೆ ಹತ್ತು ಮೆಗಾಬೈಟಿಗೂ ಮಿಗಿಲು. ವೇವ್ ಎಂಬುದು ಇದನ್ನು ಹಾಗೆಯೇ ಇಡುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಇದನ್ನು ಮಡಿಸಿ ಇಡುತ್ತದೆ: ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ, ಜಾಗ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಬಿಚ್ಚಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಎಂಪಿ3ರ ಮಾರ್ಗವೇ ಬೇರೆ. ಅದು ಮಡಿಸುವುದಿಲ್ಲ, ಕತ್ತರಿಸುತ್ತದೆ. 128 ಕಿಲೋಬಿಟ್ ಎಂದರೆ ಮೂಲದ ಹನ್ನೊಂದನೆಯ ಒಂದು ಪಾಲು. 64 ಎಂದರೆ ಇಪ್ಪತ್ತೆರಡನೆಯ ಒಂದು ಪಾಲು.

ಇಷ್ಟನ್ನು ಎಸೆದರೂ ಹಾಡು ಹಾಡಾಗಿ ಉಳಿಯುವುದು ಹೇಗೆ? ಇದು ನಿಜಕ್ಕೂ ಮೆಚ್ಚತಕ್ಕ ಚಮತ್ಕಾರ. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ಮನುಷ್ಯನ ಕಿವಿಯ ದೌರ್ಬಲ್ಯವನ್ನು ನೆಚ್ಚಿಕೊಂಡರು. ಡೊಳ್ಳು ಮೊಳಗುವಾಗ ಪಕ್ಕದವನ ಪಿಸುಮಾತು ನಮಗೆ ಕೇಳುವುದಿಲ್ಲ. ಕೇಳದ ಪಿಸುಮಾತನ್ನು ಬರೆದಿಡುವುದೇಕೆ? ಇದೇ ಆ ವಿದ್ಯೆಯ ಸಾರ. ಅದನ್ನು ಹದಗೊಳಿಸುವಾಗ ಬ್ರಾಂಡೆನ್‌ಬುರ್ಗ್ ಅವರು ಒರೆಗಲ್ಲಾಗಿ ಇಟ್ಟುಕೊಂಡ ಹಾಡುಗಳಲ್ಲಿ ಒಂದು, ಸುಝಾನ್ ವೇಗಾ ಎಂಬ ಗಾಯಕಿ ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಿದ್ದು. ಮರೆಮಾಡುವ ಮೇಳವಿಲ್ಲದ ಒಂಟಿ ಹೆಣ್ಣುದನಿಯಲ್ಲಿ ಸಣ್ಣ ಲೋಪವೂ ಕಿವಿಗೆ ಚುಚ್ಚುತ್ತದೆಯಷ್ಟೆ. 1995ರ ಜುಲೈನಲ್ಲಿ ಆ ಕಡತಗಳಿಗೆ ‘ಎಂಪಿ3’ ಎಂಬ ಬಾಲಂಗೋಚಿ ನಿಶ್ಚಯವಾಯಿತು. ಮುಂದಿನ ಕಥೆ ನಮ್ಮೆಲ್ಲರ ಮೊಬೈಲುಗಳಲ್ಲಿಯೇ ಇದೆ.

ಒಂಟಿ ಹೆಣ್ಣುದನಿ ಎಂದೆನಲ್ಲ, ದೊಡ್ಡವ್ವನದೂ ಅದೇ. ಮೇಲಾಗಿ ಆಕೆಯ ಹಾಡಿಗೆ ಇನ್ನೊಂದು ತಾಳವಿತ್ತು: ಕೈತುಂಬ ಹಸಿರು ಗಾಜಿನ ಬಳೆ. ಗೂಟ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಬಳೆಗಳೆಲ್ಲ ಒಮ್ಮೆ ಘಲ್ಲೆಂದು ಮುಂಗೈಗೆ ಜಾರುತ್ತಿದ್ದವು. ಹಾಡಿನ ಸಾಲು ಸರಿಯಾಗಿ ಅಲ್ಲಿಯೇ ತಿರುವು ತೆಗೆದುಕೊಳ್ಳುತ್ತಿತ್ತು. ಎಂಪಿ3ಕ್ಕೆ ಅತ್ಯಂತ ಕಠಿಣವಾದದ್ದು ಇಂತಹ ಚುರುಕು ನಾದವೇ. ಅದು ಧ್ವನಿಯನ್ನು 1,152 ಮಾದರಿಗಳ, ಅಂದರೆ ಸೆಕೆಂಡಿನ ಸುಮಾರು ಮೂವತ್ತೆಂಟನೆಯ ಒಂದು ಭಾಗದ, ತುಣುಕುಗಳಾಗಿ ಕಡಿಯುತ್ತದೆ. ಬಿಟ್ಟುಗಳು ಸಾಲದೆ ಹೋದಾಗ ಲೆಕ್ಕದಲ್ಲಿ ಉಳಿದ ಒರಟುತನ ತುಣುಕಿನ ಉದ್ದಕ್ಕೂ ಹರಡಿ, ಬಳೆ ಸದ್ದು ಮಾಡುವುದಕ್ಕೆ ಮುಂಚೆಯೇ ಒಂದು ಬಗೆಯ ‘ಬುಸ್’ ಎದ್ದುಬಿಡುತ್ತದೆ. ಸ್ಪೇನಿನ ನರ್ತಕಿಯರ ಕಾಸ್ಟನೆಟ್ ಎಂಬ ಚಿಟಿಕೆವಾದ್ಯದಿಂದ ತಜ್ಞರು ಪರೀಕ್ಷಿಸುವುದು ಈ ದೋಷವನ್ನೇ. ನಮ್ಮ ತಟ್ಟೆಯಲ್ಲಿ ದೊಡ್ಡವ್ವನ ಬಳೆಗಳು ನೀರಿನಲ್ಲಿ ಮರಳು ಕದಡಿದಂತೆ ಕೇಳಿಸುತ್ತವೆ.

ಮೂರು ವರ್ಷಗಳ ಹಿಂದೆ ದೊಡ್ಡಪ್ಪ ತೀರಿಕೊಂಡರು. ಮನೆತನದ ಪದ್ಧತಿಯಂತೆ ದೊಡ್ಡವ್ವನ ಕೈ ಬರಿದಾಯಿತು. ಆ ಪದ್ಧತಿಯ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ; ‘ಇಟ್ಟುಕೋ’ ಎಂದು ನಾವೆಲ್ಲ ಹೇಳಿದರೂ ಆಕೆ ಒಪ್ಪಲಿಲ್ಲ ಎಂದಷ್ಟೇ ಹೇಳಬಲ್ಲೆ. ಕಳೆದ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಅಂಗೈಯಗಲದ ಮುದ್ರಣಯಂತ್ರವನ್ನು ತಂದು, ಆಕೆಯ ಪಡಸಾಲೆಯಲ್ಲಿಯೇ ಕುಳಿತು, ನಲವತ್ತು ನಿಮಿಷಗಳ ಹಾಡನ್ನು ವೇವ್ ರೂಪದಲ್ಲಿಯೇ ಹಿಡಿದ. ಕೆಲಸ ಮುಗಿದ ಮೇಲೆ ಹಳೆಯದನ್ನೂ ಆಕೆಗೆ ಕೇಳಿಸಿದೆವು. ಕಣ್ಣು ಮುಚ್ಚಿ ಪೂರ್ತಿ ಆಲಿಸಿ ಆಕೆ ಹೇಳಿದ್ದು ಇಷ್ಟೇ: “ಹಾಡು ನಂದ ಐತಿ, ಖರೆ. ಆದ್ರ ಆ ಬಳಿ ನನ್ನೂವಲ್ಲ ಬಿಡೋ ತಮ್ಮಾ.”

ಹೊಸ ಮುದ್ರಣದಲ್ಲಿ ಎಲ್ಲವೂ ನಿಚ್ಚಳವಾಗಿದೆ: ಕಲ್ಲಿನ ಗರಗರ, ಉಸಿರು, ಹೊರಗಿನ ಗುಬ್ಬಿ, ನಡುವೆ ಬಂದ ಕೆಮ್ಮು. ಬಳೆ ಮಾತ್ರ ಇಲ್ಲ. ಅದು ಇರುವುದು ಹಳೆಯದರಲ್ಲಿ. ಅಲ್ಲಿ ಅದು ಬಳೆಯಾಗಿ ಉಳಿದಿಲ್ಲ. “ಸರ್, ಆ ಎಂಪಿ3ಯನ್ನ ವೇವ್‌ಗೆ ಬದಲಿಸಿದ್ರ ಸರಿ ಆಗತೈತೇನ್ರಿ?” ಎಂದು ಹುಡುಗ ಆಸೆಯಿಂದ ಕೇಳಿದ. ಕಡತವೇನೋ ಊದಿಕೊಂಡು ದೊಡ್ಡದಾಗುತ್ತದೆ, ಹೋದದ್ದು ಬರುವುದಿಲ್ಲ. ಹಿಟ್ಟನ್ನು ದೊಡ್ಡ ಚೀಲಕ್ಕೆ ತುಂಬಿದ ಮಾತ್ರಕ್ಕೆ ಅದು ಜೋಳವಾದೀತೆ?

ಹಾಗೆಂದು ನಾನು ಎಂಪಿ3ರ ವೈರಿಯಲ್ಲ. ಸಂಕ್ಷೇಪವೆಂಬುದು ನಮ್ಮ ನಾಡಿಗೆ ಹೊಸತೂ ಅಲ್ಲ. ಇದೇ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿಯವರು 1930ರ ದಶಕದಲ್ಲಿ ಮೊದಲ ಮುದ್ರಿಕೆಗಳನ್ನು ಕೊಟ್ಟಾಗ, ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಅಷ್ಟರಲ್ಲಿ ಅಡಗಿಸಬೇಕಿತ್ತು. ನಮ್ಮ ಸರ್ವಜ್ಞನೂ ಲೋಕಾನುಭವವನ್ನು ಮೂರೇ ಸಾಲಿಗೆ ಇಳಿಸಿದ. ಆದರೆ ಏನನ್ನು ಇಡಬೇಕು, ಏನನ್ನು ಬಿಡಬೇಕೆಂಬ ತೀರ್ಮಾನ ಅಲ್ಲಿ ಹಾಡುವವರದು, ಹೇಳುವವನದು. ಇಲ್ಲಿ ದೊಡ್ಡವ್ವನ ದನಿಯಲ್ಲಿ ಹೊಟ್ಟು ಯಾವುದು, ಕಾಳು ಯಾವುದು ಎಂದು ಯಾರೋ ಅಪರಿಚಿತರು ಗುಂಡಿ ಒತ್ತಿ ತೀರ್ಮಾನಿಸಿದರು. ಬಳೆ ಹೊಟ್ಟಿನ ಪಾಲಾಯಿತು.

ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ಕಾರ್ಖಾನೆಗಳು ಓಲಿಯೋರೆಸಿನ್ ಎಂಬ ಸತ್ತ್ವವನ್ನು ತೆಗೆಯುತ್ತವೆ. ತಿನಿಸಿಗೂ ತುಟಿರಂಗಿಗೂ ಆ ಬಣ್ಣ ಒದಗುತ್ತದೆ. ಅದರಿಂದ ಅನೇಕರ ಬದುಕೂ ನಡೆಯುತ್ತದೆ. ಆದರೆ ಬಣ್ಣ ಸಿಕ್ಕಿತೆಂದು ಡಬ್ಬಿ ಮೆಣಸಿನಕಾಯಿಯ ಬೀಜವನ್ನೂ ಕಾರ್ಖಾನೆಗೆ ಸುರಿದ ರೈತನನ್ನು ನಾನು ಕಂಡಿಲ್ಲ.

ವಿದ್ಯಾರ್ಥಿ ಇನ್ನೊಂದು ನ್ಯಾಯವಾದ ಪ್ರಶ್ನೆ ಎತ್ತಿದ: 256, 320ರ ಎಂಪಿ3ಕ್ಕೂ ಮೂಲಕ್ಕೂ ಭೇದ ತಿಳಿಯುವ ಕಿವಿ ಎಷ್ಟು ಮಂದಿಗಿದೆ? ಬಹಳ ವಿರಳ, ನನಗಂತೂ ಇಲ್ಲ. ಕೇಳಿ ಆನಂದಿಸುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ಮುಂದೊಂದು ದಿನ ಯಾರಾದರೂ ಈ ಹಾಡನ್ನು ನಿಧಾನಗೊಳಿಸಿ ಉಚ್ಚಾರಣೆಯನ್ನು ಅಭ್ಯಸಿಸಬಹುದು; ಗದ್ದಲ ಕಳೆಯಬಹುದು; ತಿದ್ದಿ ಮತ್ತೆ ಉಳಿಸಬಹುದು. ಎಂಪಿ3ಯನ್ನು ತಿದ್ದಿ ಪುನಃ ಎಂಪಿ3ಯಾಗಿ ಉಳಿಸಿದಾಗಲೆಲ್ಲ ಇನ್ನಷ್ಟು ಸೋರುತ್ತದೆ. ಇಂದಿನ ಕಿವಿಗೆ ಬೇಡವಾದದ್ದು ನಾಳಿನ ಪ್ರಶ್ನೆಗೆ ಬೇಕಾಗಬಹುದು.

ಆದುದರಿಂದ ನಾವು ಹೀಗೆ ಮಾಡಿದೆವು. ವೇವ್ ಮೂಲವನ್ನು ಫ್ಲ್ಯಾಕ್ ಆಗಿ ಮಡಿಸಿ ಎರಡು ಪ್ರತಿ ಮಾಡಿದೆವು. ಒಂದು ಹಾವೇರಿಯಲ್ಲಿ ನನ್ನ ಬಳಿ, ಇನ್ನೊಂದು ರಾಣೆಬೆನ್ನೂರಿನ ತಂಗಿಯ ಮನೆಯಲ್ಲಿ. ಅದರಿಂದಲೇ 192ರ ಎಂಪಿ3 ತೆಗೆದು ಮೊಮ್ಮಕ್ಕಳ ಮೊಬೈಲುಗಳಿಗೆಲ್ಲ ಹಂಚಿದೆವು. ಕೆಮ್ಮನ್ನು ತೆಗೆಯಲಿಲ್ಲ. ಮರಳಿನಂತೆ ಕೇಳುವ ಆ ಹಳೆಯ ಬಳೆಯ ಕಡತವನ್ನೂ, ಇದ್ದುದು ಇದ್ದಂತೆ, ಮುಟ್ಟದೆ ಜೊತೆಗಿಟ್ಟಿದ್ದೇವೆ.

ನಿಮ್ಮ ಮನೆಯಲ್ಲಿಯೂ ಅಜ್ಜಿಯ ಹಾಡೋ ತಂದೆಯ ಮಾತೋ ಮುದ್ರಣವಾಗಿದ್ದೀತು. ಮೊಬೈಲಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸುವ ಮುನ್ನ ರೈತನ ಪಡಸಾಲೆಯನ್ನೊಮ್ಮೆ ನೆನೆಯಿರಿ. ಎಷ್ಟೇ ಬರವಿರಲಿ, ಬಿತ್ತುವ ಜೋಳದ ಚೀಲವನ್ನು ಆತ ಬೇರೆಯೇ ಕಟ್ಟಿಡುತ್ತಾನೆ. ಬೀಸಿದ ಹಿಟ್ಟು ಊರಿಗೆಲ್ಲ ರೊಟ್ಟಿಯಾಗಲಿ. ಆ ಚೀಲಕ್ಕೆ ಮಾತ್ರ ಕೈ ಹಾಕುವುದು ಬೇಡ.