ಏರಿಯ ಮೇಲಿನ ಕೈ

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಾ ನಾನು ಒಂದು ಹಾಳೆಯನ್ನು ಹರಿದು ಹಾಕಿದ್ದೆ. ವಿದ್ಯುನ್ಮಂಡಲದ ಚಿತ್ರದಲ್ಲಿ ಕೋಶಕ್ಕೆ ಒಂದು ಉದ್ದ, ಒಂದು ಗಿಡ್ಡ, ಹೀಗೆ ಎರಡು ಗೆರೆ ಎಳೆದರೆ ಸಾಕು. ಆ ಹುಡುಗಿ ಟಾರ್ಚಿಗೆ ಹಾಕುವ ಸೆಲ್ಲನ್ನೇ ನೆರಳು ಬೆಳಕು ಕೊಟ್ಟು ಚೆಂದವಾಗಿ ಬರೆದಿದ್ದಳು. "ಇದು ಡ್ರಾಯಿಂಗ್ ಕ್ಲಾಸಲ್ಲ. ಸಂಕೇತ ಬರಿ ಅಂದರೆ ಸಂಕೇತ ಬರೀಬೇಕು" ಎಂದು ಎಲ್ಲರೆದುರು ಗದರಿದ್ದೆ. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ವಿಜ್ಞಾನ ಹೇಳುತ್ತಲೇ ತಲೆ ನರೆತ ನನಗೆ ಅಂಥ ಗದರಿಕೆಗಳ ಲೆಕ್ಕವಿಲ್ಲ. ಅದನ್ನು ಮರೆತೂ ಬಿಟ್ಟಿದ್ದೆ.

2025ರ ಮಾವಿನ ಕಾಲ. ತೋತಾಪುರಿಯ ಬೆಲೆ ನೆಲ ಕಚ್ಚಿ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದಿದ್ದ ದಿನಗಳು. ಆ ಹುಡುಗಿಯ ತಂದೆ ಒಂದು ಸಂಜೆ ಮನೆಗೆ ಬಂದರು. "ಮೇಷ್ಟ್ರೇ, ನಿಮ್ಮ ಶಿಷ್ಯೆಗೆ ನೀವಾದ್ರೂ ಬುದ್ಧಿ ಹೇಳಿ. ಎಂಜಿನಿಯರಿಂಗ್ ಬೇಡ ಅಂತ ಬೆಂಗಳೂರಲ್ಲಿ ಚಿತ್ರಕಲೆ ಕಾಲೇಜು ಸೇರಿದ್ಲು. ಒಂದು ವರ್ಷ ಸುಮ್ನಿದ್ದೆ. ಈಗ ಕೆರೆ ಏರಿ ಮೇಲಿನ ಕಲ್ಲಿನ ಬಗ್ಗೆ ಬರೀಬೇಕು ಅಂತ ರಜಕ್ಕೆ ಬಂದವಳೆ. ದಿನಾ ದನ ಮೈ ಉಜ್ಜೋ ಕಲ್ಲು ನೋಡೋಕೆ ನಾನು ಫೀಸು ಕಟ್ಬೇಕಾ? ಈ ವರ್ಷ ತೋಟದಲ್ಲಿ ಕಿತ್ತ ಕೂಲಿಯೂ ಹುಟ್ಟಲಿಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಹುಡುಗಿಯನ್ನು ಒಪ್ಪಿಸಿ, ಬಿ.ಎಸ್ಸಿ.ಗಾದರೂ ಸೇರಿಸೋಣ ಎಂದುಕೊಂಡೇ ಮರುದಿನ ಅವಳ ಜೊತೆ ಹೊರಟೆ.

ಕಾಲೇಜಿನವರು ಅವಳಿಗೆ ಕೊಟ್ಟ ಕೆಲಸ ಇಷ್ಟು. ನಿಮ್ಮ ಊರ ಆಸುಪಾಸಿನಲ್ಲಿ ಸರಳವಾದ, ಸಂಕೇತದ ಒಂದು ಶಿಲ್ಪವನ್ನು ಆರಿಸಿಕೊಳ್ಳಿ. ಅಳತೆ ತೆಗೆದು, ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಸಲ ಚಿತ್ರಿಸಿ. ಆಮೇಲೆ ಅದರ ಬಗ್ಗೆ ಬರೆದು, ಅದರಿಂದ ಹುಟ್ಟಿದ ನಿಮ್ಮದೊಂದು ಶಿಲ್ಪ ಮಾಡಿ.

"ಮುಳಬಾಗಿಲಿನ ಹತ್ತಿರ ಕುರುಡುಮಲೆ ಇದೆ. ಒಂದೇ ಕಲ್ಲಿನ ಅಷ್ಟೆತ್ತರದ ಗಣಪ. ಆವನಿಯಲ್ಲಿ ನೊಳಂಬರ ಕಾಲದ ದೇವಾಲಯಗಳಿವೆ. ಅದೆಲ್ಲ ಬಿಟ್ಟು ಇದೇನಮ್ಮ?" ಎಂದೆ.

"ಅವನ್ನು ಎಲ್ಲರೂ ನೋಡ್ತಾರೆ ಸಾರ್" ಎಂದಳು.

ಅವಳು ಆರಿಸಿದ್ದು ಒಂದು ಮಾಸ್ತಿಕಲ್ಲು. ಗಂಡ ಸತ್ತಾಗ ಚಿತೆ ಏರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು. ಮಾಲೂರು ತಾಲ್ಲೂಕಿನ ಮಾಸ್ತಿಗೆ ಆ ಹೆಸರು ಬಂದದ್ದೂ ಮಹಾಸತಿ ಎಂಬ ಮಾತಿನಿಂದಲೇ. ಕಂಬದಂಥ ಒಂದು ಚಪ್ಪಡಿ, ಅದರಿಂದ ಹೊರಬಂದು ಮೊಣಕೈಯಲ್ಲಿ ಮೇಲಕ್ಕೆ ಬಾಗಿದ ಒಂದೇ ಒಂದು ತೋಳು, ಬಿಚ್ಚಿದ ಅಂಗೈ, ಮಣಿಕಟ್ಟಿನಲ್ಲಿ ಬಳೆ, ಬೆರಳಿನ ಸಂದಿಯಲ್ಲಿ ನಿಂಬೆಹಣ್ಣು, ಮೇಲೆ ಸೂರ್ಯ ಚಂದ್ರ. ಇದಕ್ಕೆ ಒಕ್ಕೈ ಮಾಸ್ತಿ ಎನ್ನುತ್ತಾರೆ. ಮುಖವಿಲ್ಲ, ಮೈಯಿಲ್ಲ. ಒಡೆಯದ ಬಳೆ ಎಂದರೆ ಮುತ್ತೈದೆಯಾಗಿಯೇ ಹೋದಳು ಎಂದು. ಸೂರ್ಯ ಚಂದ್ರ ಎಂದರೆ ಅವು ಇರುವತನಕ ಈ ನೆನಪೂ ಇರಲಿ ಎಂದು.

ಹತ್ತು ಮಾರು ದೂರದಲ್ಲಿ ಒಂದು ವೀರಗಲ್ಲೂ ಇತ್ತು. ಅದರಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. "ಗಂಡಸಿಗೆ ಪೂರ್ತಿ ಕಥೆ ಸಾರ್. ಹೆಂಗಸಿಗೆ ಒಂದು ಕೈ" ಎಂದಳು ಹುಡುಗಿ, ಟೇಪು ಹಿಡಿಯುತ್ತಾ.

ನನ್ನ ವಿಜ್ಞಾನ ಉಪಯೋಗಕ್ಕೆ ಬಂದದ್ದು ಆಗ. ಬೇಲೂರು ಹಳೇಬೀಡಿನ ಕುಸುರಿ ಇಲ್ಲಿ ಯಾಕಿಲ್ಲ ಎಂದು ಕೇಳಿದಳು. ಅಲ್ಲಿಯದು ಬಳಪದ ಕಲ್ಲಿನ ಜಾತಿ. ಅದನ್ನು ಮೆತ್ತಗೆ ಮಾಡುವ ಬಳಪದ ಖನಿಜಕ್ಕೆ ಮೋಸ್ ಗಡಸುತನದ ಅಳತೆಯಲ್ಲಿ 1. ನಮ್ಮ ಸೀಮೆಯ ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರಿಗೆ 6, ಬೆಣಚಿಗೆ 7. ಉಕ್ಕಿನ ಚಾಕುವಿನಿಂದ ಬೆಣಚನ್ನು ಗೀರಲಾಗದು. ಇಂಥ ಕಲ್ಲಿನಲ್ಲಿ ಊರ ಶಿಲ್ಪಿ ಹೇಳಬೇಕಾದ್ದನ್ನು ಕಡಿಮೆ ಗೆರೆಗಳಲ್ಲೇ ಹೇಳಬೇಕು. ಅವಳು ಅಷ್ಟಕ್ಕೇ ಬಿಡದೆ, ಶಿಲ್ಪಿಗಳ ಊರೆಂದೇ ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೂ ಹೋಗಿ ವಿಚಾರಿಸಿದಳು. ಹಿರಿಯ ಶಿಲ್ಪಿಯೊಬ್ಬರು ಅವಳ ಚಿತ್ರ ನೋಡಿ, "ಬೆರಳು ಬಿಡಿಸಿ ಕೆತ್ತಿದ್ರೆ ಮೊದಲು ಮುರಿಯೋದು ಬೆರಳೇ. ಅದಕ್ಕೇ ಕೂಡಿಸಿ ಬಿಟ್ಟವ್ನೆ" ಎಂದರಂತೆ. ನಾವು ಸರಳತೆ ಎನ್ನುವುದರಲ್ಲಿ ಕಲ್ಲಿನ ಹಟವೂ ಸೇರಿದೆ.

ಅವಳೂ ನನಗೆ ಒಂದು ಪಾಠ ಹೇಳಿದಳು. ರುಮೇನಿಯಾದ ಬ್ರಾಂಕುಸಿ ಎಂಬ ಶಿಲ್ಪಿ ರೆಕ್ಕೆ ಕೊಕ್ಕು ಯಾವುದೂ ಇಲ್ಲದ, ಆಕಾಶಕ್ಕೆ ಚಿಮ್ಮಿದಂತಿರುವ ಒಂದು ಕಂಚಿನ ಹಕ್ಕಿಯನ್ನು ಮಾಡಿದ್ದ. 1926ರಲ್ಲಿ ಅದು ಅಮೆರಿಕಕ್ಕೆ ಬಂದಾಗ ಸುಂಕದವರು ಇದು ಕಲೆಯೇ ಅಲ್ಲ ಎಂದು, ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇಕಡಾ 40 ಸುಂಕ ಹಾಕಿದರು. ಮೊಕದ್ದಮೆ ನಡೆದು, 1928ರಲ್ಲಿ ನ್ಯಾಯಾಲಯ ಅದನ್ನು ಕಲೆಯೆಂದು ಒಪ್ಪಿತು. ಕಣ್ಣಿಗೆ ಕಂಡ ವಸ್ತುವನ್ನು ಅನುಕರಿಸದೆ ಭಾವವನ್ನು ತೋರಿಸುವ ಹೊಸ ಕಲೆಯೂ ಉಂಟು ಎಂದಿತು. ಕಥೆ ಮುಗಿಸಿ, "ನೀವೂ ನನಗೆ ಒಂದ್ಸಲ ಸುಂಕ ಹಾಕಿದ್ರಿ ಸಾರ್" ಎಂದು ನಗುತ್ತಾ ಆ ಹರಿದ ಹಾಳೆಯನ್ನು ನೆನಪಿಸಿದಳು. ನನಗೆ ನಗು ಬರಲಿಲ್ಲ. ಸಂಕೇತ ಗೊತ್ತಿಲ್ಲ ಎಂದು ನಾನು ಗದರಿದ್ದ ಹುಡುಗಿಯೇ ಈಗ ನನಗೆ ಸಂಕೇತ ಓದಲು ಕಲಿಸುತ್ತಿದ್ದಳು.

ಆದರೂ ನನ್ನಲ್ಲೊಂದು ಮುಳ್ಳು ಉಳಿದಿತ್ತು. 1829ರಲ್ಲಿ ಬೆಂಟಿಂಕ್ ಬಂಗಾಳದಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದ್ದನ್ನು ನಾವು ಪಾಠದಲ್ಲಿ ಓದಿದ್ದೇವೆ. 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಎಳೆಯ ಹೆಣ್ಣೊಬ್ಬಳು ಚಿತೆಯಲ್ಲಿ ಸತ್ತ ಮೇಲೆ, ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂದು ಕಾನೂನೇ ಬಂದಿದೆ. ಇಂಥ ಕಲ್ಲನ್ನು ಚೆಂದ ಎಂದು ಹೊಗಳುವುದು ಹೇಗೆ? ಅದನ್ನೇ ಅವಳನ್ನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಸಾರ್. ಅದಕ್ಕೇ ಹತ್ತು ಸಲ ಬರೀತಿದ್ದೀನಿ" ಎಂದಳು.

ಉತ್ತರ ಸಿಕ್ಕಿದ್ದು ಮೇಕೆ ಹೊಡೆದುಕೊಂಡು ಬಂದ ಒಬ್ಬ ಅಜ್ಜಿಯಿಂದ. ಆಕೆ ಕಲ್ಲಿನ ಮುಂದೆ ನಿಂತು ಕೈಮುಗಿದರು. "ಇವಳು ಆಶೀರ್ವಾದ ಮಾಡ್ತಾಳಾ ಅಜ್ಜಿ?" ಎಂದು ಹುಡುಗಿ ಕೇಳಿದಳು. "ಎಲ್ಲಾರೂ ಹಂಗೇ ಅಂತಾರೆ ಮಗಾ. ನಮ್ಮತ್ತೆ ಮಾತ್ರ, ಅವಳು ಬ್ಯಾಡಾ ಬ್ಯಾಡಾ ಅಂತ ಕೈ ಅಡ್ಡ ಹಿಡಿದವಳೆ ಅನ್ನೋರು" ಎಂದು ಹೇಳಿ, ಮೇಕೆಗಳ ಹಿಂದೆ ನಡೆದುಬಿಟ್ಟರು.

ನಾವಿಬ್ಬರೂ ಮತ್ತೆ ಆ ಅಂಗೈಯನ್ನು ನೋಡಿದೆವು. ಹರಸುವ ಕೈಗೂ ತಡೆಯುವ ಕೈಗೂ ಆಕಾರ ಒಂದೇ. ನಾನು ಬೋರ್ಡಿನ ಮೇಲೆ ಬರೆಯುವ ಎರಡು ಗೆರೆಗೆ ಲೋಕವೆಲ್ಲ ಒಂದೇ ಅರ್ಥ. ಎರಡು ಅರ್ಥ ಬಂದರೆ ಮಂಡಲವನ್ನು ಓದಲಾಗದು. ಕಲ್ಲಿನ ಕೈ ಹಾಗಲ್ಲ. ನಿಲ್ಲಿಸಿದವರು ಹೇಳಬೇಕೆಂದಿದ್ದ ಮಾತನ್ನೂ, ಸತ್ತವಳು ಹೇಳಿರಬಹುದಾದ ಮಾತನ್ನೂ ಅದು ಒಟ್ಟಿಗೆ ಹಿಡಿದುಕೊಂಡಿದೆ. ಹೊಗಳಲೇಬೇಕೆಂದಿಲ್ಲ. ಸರಿಯಾಗಿ ನೋಡಬೇಕು, ಅಷ್ಟೇ. ಹುಡುಗಿ ತನ್ನ ಬರಹದಲ್ಲಿ ಈ ಎರಡು ಓದುಗಳನ್ನೂ ಬರೆದು, ಯಾವುದು ಸರಿ ಎಂದು ತೀರ್ಪು ಕೊಡದೆ ಬಿಟ್ಟಳು.

ಶಿಲ್ಪಕ್ಕೆ ಮಾಲೂರಿನಿಂದ ಹೆಂಚಿನ ಮಣ್ಣು ತರಿಸಿದಳು. ಮೊಳದುದ್ದದ ಒಂದು ಕೈ, ಕೂಡಿದ ಬೆರಳು, ಮೂರು ಬಳೆ. ನಿಂಬೆಹಣ್ಣು, ಸೂರ್ಯ ಚಂದ್ರ ಯಾವುದೂ ಇಲ್ಲ. ಜಗಲಿಯ ಮೇಲೆ ಒಣಗಲು ಇಟ್ಟಿದ್ದಾಗ ತಂದೆ ತೋಟದಿಂದ ಬಂದರು. ನಾನೂ ಅಲ್ಲಿದ್ದೆ. ಅವರು ಟವೆಲಿನಿಂದ ಕೈ ಒರೆಸಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಆ ಕಡೆಯಿಂದ ಈ ಕಡೆಯಿಂದ ನೋಡಿದರು.

"ಇದು ಒಳ್ಳೇದಾಗ್ಲಿ ಅಂತಿದ್ಯೋ, ಬೇಡ ಅಂತಿದ್ಯೋ?"

ಅಜ್ಜಿಯ ಮಾತು ಅವರಿಗೆ ಗೊತ್ತಿರಲಿಲ್ಲ. ನಾನು ಹುಡುಗಿಯ ಮುಖ ನೋಡಿದೆ.

"ನಿನಗೇನು ಅನ್ನಿಸ್ತದಪ್ಪ?"

ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೆ ಎಷ್ಟು ಮಾರ್ಕ್ಸು?" ಎಂದರು. ಮುಂದಿನ ತಿಂಗಳು ಫೀಸು ಕಟ್ಟಿದರು. ಹಣ ಎಲ್ಲಿಂದ ಹೊಂದಿಸಿದರೋ ನಾನು ಕೇಳಲಿಲ್ಲ. ಬಿ.ಎಸ್ಸಿ.ಯ ಮಾತನ್ನೂ ಎತ್ತಲಿಲ್ಲ.

ಈಗಲೂ ಪ್ರತಿ ವರ್ಷ ರೆಕಾರ್ಡ್ ಪುಸ್ತಕದಲ್ಲಿ ಒಬ್ಬರಾದರೂ ಸೆಲ್ಲಿನ ಚಿತ್ರವನ್ನೇ ಬರೆದಿರುತ್ತಾರೆ. ಪಕ್ಕದಲ್ಲಿ ಸಂಕೇತವನ್ನೂ ಬರೆಯಿಸಿ, ಎರಡಕ್ಕೂ ಸಹಿ ಹಾಕುತ್ತೇನೆ. ತಂದೆ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಕೋಲಾರಮ್ಮನ ಗುಡಿಗೋ ಕುರುಡುಮಲೆಗೋ ಕರೆದುಕೊಂಡು ಹೋಗುವಾಗ, ದಾರಿಯ ಕೆರೆ ಏರಿಯ ಮೇಲೆ ಒಂಟಿ ಕಲ್ಲು ಕಂಡರೆ ಗಾಡಿ ನಿಲ್ಲಿಸಿ. ಅದೇನೆಂದು ನೀವೇ ಹೇಳಿಬಿಡಬೇಡಿ. ಮಗು ಏನು ಹೇಳುತ್ತದೋ ಮೊದಲು ಕೇಳಿ.