ಅರ್ಧನೇಮಿ

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತಿರುವವನಿಗೆ ಸೈಕಲ್ ಚಕ್ರದ ಬಿಡಿಭಾಗಗಳನ್ನು ಆರಿಸುವ ಪ್ರಸಂಗ ಬರಬಾರದು. ನನಗೆ ಬಂತು. ‘ನೇಮಿ’ ಎಂದರೆ ಚಕ್ರದ ಅಂಚು, ‘ನಾಭಿ’ ಎಂದರೆ ಅದರ ಹೊಕ್ಕುಳು, ‘ಅರ’ ಎಂದರೆ ನಡುವಣ ಕಡ್ಡಿ ಎಂದು ಎಷ್ಟೋ ತಂಡದ ಹುಡುಗರಿಗೆ ಅರ್ಥ ಬರೆಸಿದವನು ನಾನು. ಆದರೆ ನೇಮಿಯನ್ನು ದುಡ್ಡು ಕೊಟ್ಟು ಕೊಳ್ಳುವ ಹೊತ್ತು ಬಂದಾಗ ಶಬ್ದಕೋಶ ಕೈ ಕೊಡುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಮಗ. ನಮ್ಮ ಮನೆ ಇರುವುದು ಸೋಂಪುರದಲ್ಲಿ. ಒಂದು ಕಡೆ ಕಾರ್ಖಾನೆಗಳ ತಗಡಿನ ಮಾಡು, ಇನ್ನೊಂದು ಕಡೆ ಶಿವಗಂಗೆಯ ಬೆಟ್ಟ. ಹದಿನೇಳರ ಹುಡುಗನಿಗೆ ಇವೆರಡರಲ್ಲಿ ಯಾವುದು ಕಣ್ಣಿಗೆ ಬೀಳುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಗುಡ್ಡಗಾಡಿನಲ್ಲಿ ಓಡಿಸುವ ಗೇರಿನ ಸೈಕಲ್ಲೊಂದನ್ನು ಹಟ ಮಾಡಿ ಕೊಡಿಸಿಕೊಂಡು, ಬೆಟ್ಟದ ಬುಡದ ಕಲ್ಲುದಾರಿಗಳನ್ನೆಲ್ಲ ಅಳೆಯತೊಡಗಿದ. ಕಳೆದ ಕಾರ್ತೀಕದಲ್ಲಿ ಹಿಂದಿನ ಚಕ್ರದ ಕಡ್ಡಿಗಳು ಒಂದರ ಹಿಂದೊಂದು ಮುರಿದು, ರಿಮ್ಮು ಸೊಟ್ಟಗಾಗಿ ಚೌಕಟ್ಟಿಗೆ ಕಚ್ಚಿಕೊಂಡು, ಇಳಿಜಾರಿನಲ್ಲಿ ಬಿದ್ದ. ಬಲಮೊಣಕೈಗೆ ಏಳು ಹೊಲಿಗೆ.

“ರೀ, ಆ ಸೈಕಲ್ ಮಾರಿಬಿಡಿ” ಎಂದಳು ನನ್ನ ಹೆಂಡತಿ. ಹುಡುಗ ಒಂದು ಮಾತೂ ಆಡದೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ಅವನು ವಾದಿಸಿದ್ದರೆ ನಾನೂ ಅವಳ ಪಕ್ಷವನ್ನೇ ಸೇರುತ್ತಿದ್ದೆನೋ ಏನೋ. ಆ ಮೌನ ನೋಡಲಾರದೆ, “ಮುರಿಯದ ಚಕ್ರವೊಂದನ್ನು ಕಟ್ಟಿಸೋಣ” ಎಂದುಬಿಟ್ಟೆ.

“ಅದೂ ಮುರಿದರೆ?”

“ಆಗ ಮಾರೋಣ.”

ಹೀಗೆ ಒಂದು ಚಕ್ರದ ಮೇಲೆ ನನ್ನ ಮಾತೂ ಮಗನ ಬೆಟ್ಟವೂ ಒಟ್ಟಿಗೆ ನಿಂತವು.

ದಾಬಸ್‌ಪೇಟೆಯಲ್ಲಿ ಹಳೆಯ ಸೈಕಲ್ ಅಂಗಡಿಯೊಂದಿದೆ. ಅದರ ಯಜಮಾನರು ಎಪ್ಪತ್ತು ದಾಟಿದವರು. “ಸಾಮಾನು ನೀವು ತನ್ನಿ ಮೇಷ್ಟ್ರೇ, ಕಟ್ಟೋದು ನನಗೆ ಬಿಡಿ” ಎಂದರು. ಮೂಲೆಯಲ್ಲಿ ನಿಂತಿದ್ದ ಹಾಲಿನವನ ಕರಿ ಸೈಕಲ್ಲಿನ ಕಡ್ಡಿಗಳನ್ನು ಎಣಿಸಲು ಹೇಳಿದರು. ಎಣಿಸಿದೆ. ಮುಂದೆ 32, ಹಿಂದೆ 40. ಒಟ್ಟು 72. ಮೇಳಕರ್ತ ರಾಗಗಳ ಲೆಕ್ಕಕ್ಕೆ ಸರಿಯಾಯಿತಲ್ಲ ಎಂದು ನಾನು ಹಿಗ್ಗಿದರೆ, ಅವರು, “ಕೂರೋನ ಭಾರ ಹಿಂದಕ್ಕೇ ಹೆಚ್ಚು, ಅದಕ್ಕೇ ಎಂಟು ಕಡ್ಡಿ ಜಾಸ್ತಿ” ಎಂದರು. ನಾನು ಹಿಡಿದ ಸೂತ್ರ ಇಷ್ಟೇ: ಹೆಚ್ಚು ಕಡ್ಡಿ, ದಪ್ಪ ಕಡ್ಡಿ.

ಈ ಸೂತ್ರದೊಡನೆ ಮಗನೆದುರು ಕುಳಿತೆ. ಮೊದಲ ಪೆಟ್ಟು ರಿಮ್ಮಿನಲ್ಲೇ ಬಿತ್ತು. ಅವನದು 29 ಅಂಗುಲದ ಚಕ್ರವಂತೆ, ಹಾಲಿನವನದು 28. ಆದರೆ ಟಯರು ಕೂರುವ ಜಾಗದ ಅಡ್ಡಳತೆ 29ರದ್ದು 622 ಮಿಲಿಮೀಟರ್, 28ರದ್ದು 635! ಚಿಕ್ಕದು ದೊಡ್ಡದಾಗಿ, ದೊಡ್ಡದು ಚಿಕ್ಕದಾಗಿರುವ ಈ ಲೆಕ್ಕವನ್ನು ಯಾವ ವ್ಯಾಕರಣದ ಅಪವಾದಸೂತ್ರಕ್ಕೆ ಸೇರಿಸಲಿ? ಅಂಗುಲದ ಹೆಸರು ಟಯರಿನ ಹೊರಮೈ ನೋಡಿ ಇಟ್ಟದ್ದು, ರಿಮ್ಮನ್ನು ಮಿಲಿಮೀಟರಿನಲ್ಲೇ ಕೊಳ್ಳಬೇಕು ಎಂದ ಹುಡುಗ. ಅವನ ಅಗಲ ಟಯರಿಗೆ ಒಳ ಅಗಲ 30 ಮಿಲಿಮೀಟರಿನ ರಿಮ್ಮು ಗೊತ್ತಾಯಿತು.

ಆಮೇಲೆ ಹಬ್ಬು. ಸೈಕಲ್ಲಿನ ಚೌಕಟ್ಟಿನಲ್ಲಿ 148 ಮಿಲಿಮೀಟರಿನ ಜಾಗವಿದ್ದರೆ 135ರದು ಕೂರುವುದಿಲ್ಲ. ಹಬ್ಬಿನ ತೂತೂ ರಿಮ್ಮಿನ ತೂತೂ ಒಂದೇ ಸಂಖ್ಯೆಯವಾಗಿರಬೇಕು. ನಾನು ನಲವತ್ತಕ್ಕೆ ಪಟ್ಟು ಹಿಡಿದೆ. ಈ ಜಾತಿಯ ಚಕ್ರಕ್ಕೆ ಈಗ ಸಾಮಾನ್ಯವಾಗಿ ಸಿಗುವುದು 28 ಅಥವಾ 32. ಮೂವತ್ತೆರಡಕ್ಕೆ ಇಳಿದೆ. ಡಿಸ್ಕ್ ಬ್ರೇಕು ಹಬ್ಬನ್ನೇ ಹಿಡಿದು ತಿರುಚುವುದರಿಂದ ಕಡ್ಡಿಗಳನ್ನು ನೇರವಾಗಿ ಹಾಕುವಂತಿಲ್ಲ, ಒಂದೊಂದೂ ಮೂರು ಕಡ್ಡಿಗಳನ್ನು ದಾಟಿ ಹೆಣೆದಿರಬೇಕು ಎಂದೂ ತಿಳಿಯಿತು.

ನಿಜವಾದ ಜಗಳ ನಡೆದದ್ದು ಕಡ್ಡಿಯ ಮೇಲೆ. ಉದ್ದಕ್ಕೂ 2 ಮಿಲಿಮೀಟರ್ ದಪ್ಪವಿರುವುದು ನನ್ನ ಆಯ್ಕೆ. ತುದಿಗಳಲ್ಲಿ 2, ನಡುವೆ 1.8ಕ್ಕೆ ಸಣ್ಣಗಾಗಿಸಿದ್ದು ಮಗನದು. ಬೆಲೆಯಲ್ಲಿ ಆ ಸಣ್ಣದೇ ಹೆಚ್ಚು. “ಬಿದ್ದ ಮೇಲೂ ನಿನಗೆ ಹಗುರದ ಹುಚ್ಚು ಬಿಡಲಿಲ್ಲವೇ?” ಎಂದು ಗದರಿದೆ. ಅವನು ಮತ್ತೆ ಮೌನಿಯಾದ. ವ್ಯಾಜ್ಯ ಅಂಗಡಿಗೆ ಹೋಯಿತು.

ಯಜಮಾನರು ಮುರಿದ ಕಡ್ಡಿಯೊಂದನ್ನು ನನ್ನ ಅಂಗೈಯಲ್ಲಿಟ್ಟರು. “ಎಲ್ಲಿ ಮುರಿದಿದೆ ನೋಡಿ. ನಡುವೆ ಅಲ್ಲ, ಹಬ್ಬಿನ ಹತ್ತಿರ ಬಾಗಿರೋ ಕಡೆ. ಭಾರ ತಾಳದೆ ಮುರಿದದ್ದಲ್ಲ ಇದು. ಸಡಿಲವಾಗಿ ಆಡಿ ಆಡಿ ಮುರಿದದ್ದು.”

ಮಿಕ್ಕದ್ದನ್ನು ಮಗ ಹೇಳಿದ. ಚಕ್ರದ ಕಡ್ಡಿಗಳೆಲ್ಲ ಮೊದಲೇ ಬಿಗಿದಿರುತ್ತವೆ. ಸವಾರನ ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಬಂದಾಗ ಮರಳುತ್ತದೆ. ಒಂದು ಕಿಲೋಮೀಟರಿಗೆ ನಾನೂರಕ್ಕೂ ಮಿಕ್ಕಿ ಸುತ್ತು, ಸುತ್ತಿಗೊಮ್ಮೆ ಈ ಏರಿಳಿತ. ನಡು ಸಣ್ಣಗಿರುವ ಕಡ್ಡಿ ಬಿಗಿದಾಗ ತುಸು ಹೆಚ್ಚು ಎಳೆದುಕೊಂಡಿರುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಹಾರಿದಾಗಲೂ ಪೂರ್ತಿ ಸಡಿಲಗೊಳ್ಳದೆ, ಅಕ್ಕಪಕ್ಕದವರೊಡನೆ ಭಾರ ಹಂಚಿಕೊಳ್ಳುತ್ತದೆ. ಉದ್ದಕ್ಕೂ ದಪ್ಪವಾದದ್ದು ಹಿಗ್ಗುವುದು ಕಡಿಮೆ. ಬೇಗ ಸಡಿಲವಾಗುತ್ತದೆ, ಪೆಟ್ಟನ್ನೆಲ್ಲ ಬಾಗಿದ ಕಡೆಗೇ ಸಾಗಿಸುತ್ತದೆ.

ದಪ್ಪವಾದದ್ದೇ ಗಟ್ಟಿ ಎಂದು ನಂಬಿ ಮಗನನ್ನು ಸಾಕಿದವನು ನಾನು. ಅಂಗಡಿಯ ಬೆಂಚಿನ ಮೇಲೆ ಕುಳಿತು ಆ ಮುರಿದ ಕಡ್ಡಿಯನ್ನು ಬಹಳ ಹೊತ್ತು ನೋಡಿದೆ. ಕಡೆಗೆ, “ನೀನು ಹೇಳಿದ್ದೇ ತರಿಸು” ಎಂದೆ. ನಿಪ್ಪಲ್ಲಿನ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು: ಹಗುರವಾದ ಅಲ್ಯೂಮಿನಿಯಂ ಬೇಡ, ಹಿತ್ತಾಳೆ ಇರಲಿ. ಮನೆಯಲ್ಲಿ ಹಿತ್ತಾಳೆ ಪಾತ್ರೆ ಕಂಡವನ ನಂಬಿಕೆ ಅದು. ಯಜಮಾನರೂ ಹೂಂ ಎಂದರು.

ಸಾಮಾನು ಬಂದ ದಿನ ನಾನೇ ಹೆಣೆಯುತ್ತೇನೆಂದು ಕುಳಿತೆ. ಹದಿನಾರು ಕಡ್ಡಿ ಹಾಕುವಷ್ಟರಲ್ಲಿ ದಾರಿ ತಪ್ಪಿತು. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ನೇಮಿನಾಥ ಪುರಾಣ’ ಮುಗಿಯದೆ ನಿಂತು ‘ಅರ್ಧನೇಮಿ’ ಎನಿಸಿಕೊಂಡಿತಷ್ಟೆ. ಆ ತೀರ್ಥಂಕರನ ಇನ್ನೊಂದು ಹೆಸರು ಅರಿಷ್ಟನೇಮಿ, ಕೇಡು ತಟ್ಟದ ನೇಮಿಯುಳ್ಳವನು ಎಂದರ್ಥ. ತಂದೆ ಬಯಸುವುದು ಅರಿಷ್ಟನೇಮಿಯನ್ನು. ಅವನ ಕೈಯಲ್ಲಿ ಆಗುವುದು ಅರ್ಧನೇಮಿ.

ಉಳಿದರ್ಧವನ್ನು ಯಜಮಾನರೂ ಮಗನೂ ಮುಗಿಸಿದರು. ನಿಪ್ಪಲ್ಲನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಬೆಂಡು ತೆಗೆದರು. ಜೋಡಿ ಜೋಡಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಂಡಿದರು. ಕಡೆಗೆ ಉಗುರಿನಿಂದ ಮೀಟಿ ಕಿವಿಗೊಟ್ಟರು. ಗೇರಿನ ಕಡೆಯವೆಲ್ಲ ಒಂದು ಶ್ರುತಿ, ಎಡಗಡೆಯವೆಲ್ಲ ಅದಕ್ಕಿಂತ ತಗ್ಗು. ಗೇರಿನ ಪಕ್ಕದಲ್ಲಿ ಬಿಗಿ ಹೆಚ್ಚು, ಹಾಗೆಯೇ ಇರಬೇಕಂತೆ.

ಭಾನುವಾರ ಬೆಳಿಗ್ಗೆ ಹುಡುಗ ಶಿವಗಂಗೆಯ ದಾರಿ ಹಿಡಿದ. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತೆ. ಒಂದಕ್ಕೂ ಅಂಕ ಹಾಕಲಿಲ್ಲ. ಹನ್ನೊಂದು ಗಂಟೆಗೆ ಗೇಟಿನ ಸದ್ದಾಯಿತು. ಅವಳು ಓಡಿಹೋಗಿ ಅವನ ಮೊಣಕೈ ಹಿಡಿದು ನೋಡಿದಳು. ನಾನು ಬಗ್ಗಿ ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿದೆ. ಕೆಂಪು ಮಣ್ಣು ಸಿಡಿಸುತ್ತ, ಎಲ್ಲಿಯೂ ತಗಲದೆ ತಿರುಗಿತು.